ವಾರದೊಳಗೆ ಮನೆ ಖಾಲಿ ಮಾಡಿ ಎಂದರೆ ಏನು ಮಾಡಬೇಕು?

ಕಾಲೇಜುಗಳು ಶುರುವಾಗುವ ಹೊತ್ತಿಗೆ ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ನಿಟುವಳ್ಳಿ ಕಡೆಯ ಬಾಡಿಗೆದಾರರ ಕಿವಿಗೆ ಒಂದು ಮಾತು ಬೀಳುವುದುಂಟು: ‘ಮುಂದಿನ ವಾರ ಮನೆ ಬಿಟ್ಟುಕೊಡಿ, ನಮಗೇ ಬೇಕಾಗಿದೆ.’ ಒಂದು ಸಂಸಾರ ಕೊಡುವುದಕ್ಕಿಂತ ನಾಲ್ಕು ಹುಡುಗರು ಕೂಡಿ ಕೊಡುವ ಬಾಡಿಗೆ ಹೆಚ್ಚು ಎಂಬ ಲೆಕ್ಕಾಚಾರ ಇರಬಹುದು. ಮಗನ ಮದುವೆಯಾಗಿ ನಿಜಕ್ಕೂ ಜಾಗ ಸಾಲದಿರಬಹುದು. ಕಾರಣ ಏನೇ ಇರಲಿ, ಮಾತಿನ ಬಿರುಸಿಗೆ ಹೆದರಿ ಅಂದೇ ಪಾತ್ರೆ ಪಡಗ ಕಟ್ಟಲು ಕೂರಬೇಕಿಲ್ಲ. ಒಪ್ಪದ ಬಾಡಿಗೆದಾರರನ್ನು ಹೊರಗೆ ಕಳಿಸುವ ಅಧಿಕಾರ ಮಾಲೀಕರಿಗಿಲ್ಲ, ಅವರ ವಕೀಲರಿಗಿಲ್ಲ, ಪೊಲೀಸರಿಗೂ ಇಲ್ಲ. ಅದು ನ್ಯಾಯಾಲಯದ ಕೆಲಸ. ಹಾಗೆಂದು ಕಾನೂನು ನಿಮಗೆ ಮನೆಯನ್ನೇ ಬರೆದುಕೊಡುತ್ತದೆ ಎಂದು ಭಾವಿಸಬೇಡಿ. ಅದು ಕೊಡುವುದು ಸಮಯ. ಆ ಸಮಯವನ್ನು ಕಳೆದುಕೊಳ್ಳದೆ ಬಳಸಿಕೊಳ್ಳುವ ಕ್ರಮ ಹೀಗಿದೆ.

ಮೊದಲು ಕರಾರು ಪತ್ರ ಹುಡುಕಿ

ಬೀರುವಿನಲ್ಲಿ ಮಡಚಿಟ್ಟ ಛಾಪಾ ಕಾಗದವನ್ನು ತೆಗೆದು, ಸಹಿ ಹಾಕುವಾಗ ಓದದೇ ಬಿಟ್ಟ ಷರತ್ತುಗಳನ್ನು ಈಗ ಓದಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕಾಗುತ್ತದೆ. ಆ ಖರ್ಚು ಬೇಡವೆಂದೇ ಹೆಚ್ಚಿನ ಕರಾರುಗಳು 11 ತಿಂಗಳಿಗೆ ನಿಲ್ಲುತ್ತವೆ. ಅವಧಿ ಇನ್ನೂ ಮುಗಿದಿಲ್ಲವಾದರೆ, ನಡುವೆಯೇ ಬಿಡಿಸುವ ಷರತ್ತು ಪತ್ರದಲ್ಲಿದೆಯೇ ನೋಡಿ. ಅಂಥ ಷರತ್ತು ಇಲ್ಲದೆ, ನಿಮ್ಮ ಕಡೆಯಿಂದ ಕರಾರು ಮುರಿದೂ ಇಲ್ಲದಿದ್ದರೆ, ‘ಮನಸ್ಸು ಬದಲಾಯಿತು’ ಎಂಬ ಕಾರಣಕ್ಕೆ ಮಾಲೀಕರು ಬಾಡಿಗೆಯನ್ನು ಕೊನೆಗೊಳಿಸಲಾಗದು. ಎರಡು ತಿಂಗಳ ಮುಂಚೆ ತಿಳಿಸಬೇಕು ಎಂದು ಬರೆದಿದ್ದರೆ ಎರಡು ತಿಂಗಳು ನಿಮ್ಮದೇ.

ಕರಾರು ಮುಗಿದು ವರ್ಷಗಳಾಗಿದ್ದು, ನೀವು ಬಾಡಿಗೆ ಕೊಡುತ್ತಿದ್ದೀರಿ, ಅವರು ತೆಗೆದುಕೊಳ್ಳುತ್ತಿದ್ದಾರೆ ಎಂದಾದರೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. ಪತ್ರವನ್ನೇ ಮಾಡಿಕೊಳ್ಳದೆ ಬಾಯಿ ಮಾತಿನಲ್ಲಿ ಮನೆ ಹಿಡಿದವರೂ ಇದೇ ಸಾಲಿಗೆ ಸೇರುತ್ತಾರೆ. ‘ಕಾಗದವೇ ಇಲ್ಲ, ನಿಮಗೇನು ಹಕ್ಕು?’ ಎಂಬ ಬೆದರಿಕೆಗೆ ಬೆಲೆ ಇಲ್ಲ. ಆದರೆ ಬಾಡಿಗೆ ಕೊಟ್ಟ ದಾಖಲೆ ನಿಮ್ಮ ಬಳಿ ಇರಲೇಬೇಕು.

ಯಾವ ಕಾಯ್ದೆ?

ಇಲ್ಲಿ ಹಲವರು ಎಡವುತ್ತಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಎಂಬುದೊಂದಿದೆ. 2001ರ ಕೊನೆಯಲ್ಲಿ ಜಾರಿಗೆ ಬಂದ ಈ ಕಾಯ್ದೆ ಅನ್ವಯಿಸುವ ಮನೆಗಳಲ್ಲಿ, ಅದು ಪಟ್ಟಿ ಮಾಡಿರುವ ಕಾರಣಗಳಲ್ಲಿ ಒಂದನ್ನು ಸಾಬೀತುಪಡಿಸದೆ ಮಾಲೀಕರು ಬಿಡಿಸಿಕೊಳ್ಳಲಾಗದು. ಆದರೆ ಪ್ರದೇಶವನ್ನು ಅವಲಂಬಿಸಿ ತಿಂಗಳ ಬಾಡಿಗೆ 3,500 ಅಥವಾ 2,000 ರೂಪಾಯಿ ಮೀರಿದ ಮನೆಗಳು ಅದರ ವ್ಯಾಪ್ತಿಯಿಂದ ಹೊರಗೆ. ಚಿತ್ರದುರ್ಗದ ಹಳೆಯ ಓಣಿಗಳಲ್ಲಿ ಅಪ್ಪನ ಕಾಲದ ಬಾಡಿಗೆಯಲ್ಲೇ ಇರುವವರು ಈ ರಕ್ಷಣೆ ತಮಗೆ ಸಿಗುತ್ತದೆಯೇ ಎಂದು ವಕೀಲರಲ್ಲಿ ವಿಚಾರಿಸಬೇಕು. ಉಳಿದವರಿಗೆ ಗತಿ 1882ರ ಆಸ್ತಿ ವರ್ಗಾವಣೆ ಕಾಯ್ದೆ. 2021ರ ಮಾದರಿ ಬಾಡಿಗೆ ಕಾಯ್ದೆಯ ಹೆಸರು ಹೇಳಿ ‘ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ’ ಎಂದು ವಾದಿಸುವವರೂ ಇದ್ದಾರೆ. ಅದು ಕೇಂದ್ರ ಕಳಿಸಿದ ಮಾದರಿ ಮಾತ್ರ. ರಾಜ್ಯ ತನ್ನದೇ ಕಾಯ್ದೆ ಮಾಡಿಕೊಳ್ಳದ ಹೊರತು ಬಂಧನಕಾರಿಯಲ್ಲ.

1882ರ ಕಾಯ್ದೆಯ 106ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ ವಾಸದ ಮನೆಗೂ ಅಂಗಡಿಗೂ 15 ದಿನಗಳ ನೋಟಿಸು ಬೇಕು. ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಅಂಚೆಯಲ್ಲಿ ಬರಬಹುದು, ಕೈಗೆ ಕೊಡಬಹುದು, ಮನೆಯವರ ಕೈಗೂ ಕೊಡಬಹುದು. ಅದಾಗದಿದ್ದರೆ ಬಾಗಿಲಿಗೆ ಅಂಟಿಸಬಹುದು. ಅಂಗಳದಲ್ಲಿ ನಿಂತು ಕೂಗಿದ್ದು ನೋಟಿಸು ಅಲ್ಲ. ವಾಟ್ಸ್‌ಆ್ಯಪ್ ಸಂದೇಶ ಬಂದರೆ ಅಳಿಸದೆ ಇಟ್ಟುಕೊಳ್ಳಿ. ದಿನಗಳನ್ನು ಎಣಿಸುವುದು ನೋಟಿಸು ನಿಮ್ಮ ಕೈ ಸೇರಿದ ದಿನದಿಂದ. ಅದರ ಮೇಲೆ ಬರೆದಿರುವ ದಿನಾಂಕದಿಂದಲ್ಲ. ಲಕೋಟೆಯನ್ನೂ ಜೋಪಾನವಾಗಿಡಿ, ಅಂಚೆ ಮುದ್ರೆ ನಾಳೆ ಸಾಕ್ಷಿಯಾಗುತ್ತದೆ. ಅಂಚೆಯವರನ್ನು ವಾಪಸು ಕಳಿಸುವ ಜಾಣತನ ಬೇಡ, ನಿರಾಕರಿಸಿದ ಪತ್ರವನ್ನೂ ನ್ಯಾಯಾಲಯ ತಲುಪಿದಂತೆಯೇ ಪರಿಗಣಿಸಬಹುದು. ಹಾಗೆಯೇ ‘ಎಂಟು ದಿನ ಎಂದು ಬರೆದಿದ್ದಾರೆ, ನೋಟಿಸೇ ಬಿದ್ದುಹೋಯಿತು’ ಎಂದು ನಿಶ್ಚಿಂತರಾಗಬೇಡಿ. ಕಾನೂನಿನ ಅವಧಿ ಕಳೆದ ಮೇಲೆ ದಾವೆ ಹೂಡಿದ್ದರೆ, ದಿನ ಕಡಿಮೆ ಬರೆದ ಒಂದೇ ಕಾರಣಕ್ಕೆ ನೋಟಿಸು ರದ್ದಾಗುವುದಿಲ್ಲ.

ಬರಹದಲ್ಲೇ ಉತ್ತರಿಸಿ

ಜಗಳ ಬೇಡ. ಒಂದು ಪತ್ರ ಬರೆದು, ಸ್ವೀಕೃತಿ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಒಕ್ಕಣೆ ಇಷ್ಟಿದ್ದರೆ ಸಾಕು: ‘ಮಾನ್ಯರೇ, ಮನೆ ಖಾಲಿ ಮಾಡುವಂತೆ ತಾವು ಇಂಥ ದಿನ ತಿಳಿಸಿದ್ದೀರಿ. ಈ ತಿಂಗಳವರೆಗಿನ ಬಾಡಿಗೆ ಪಾವತಿಯಾಗಿದೆ. ನಾನು ಕೊಟ್ಟ ಮುಂಗಡ ಇಷ್ಟು. ಬೇರೆ ಮನೆ ನೋಡಿಕೊಳ್ಳಲು ಇಂಥ ದಿನಾಂಕದವರೆಗೆ ಕಾಲಾವಕಾಶ ಕೋರುತ್ತೇನೆ. ಮುಂಗಡ ಮರಳಿಸುವ ದಿನವೇ ಕೀಲಿ ಒಪ್ಪಿಸುತ್ತೇನೆ. ಅಲ್ಲಿಯವರೆಗೆ ಬಾಡಿಗೆಯನ್ನು ಎಂದಿನಂತೆ ಸಲ್ಲಿಸುತ್ತೇನೆ.’

ಆಷಾಢ ಹತ್ತಿರದಲ್ಲಿದ್ದರೆ ಅದನ್ನೂ ಮಾತಿಗೆ ತನ್ನಿ. ಕಾಯ್ದೆಗೆ ಆಷಾಢ ಗೊತ್ತಿಲ್ಲ, ಮಾಲೀಕರಿಗೆ ಗೊತ್ತು. ಆ ತಿಂಗಳಲ್ಲಿ ಮನೆ ಬದಲಿಸುವವರು ಕಡಿಮೆ. ನೀವು ಹೋದರೂ ಮನೆ ಶ್ರಾವಣದವರೆಗೆ ಖಾಲಿ ಬೀಳುವ ಸಂಭವವೇ ಹೆಚ್ಚು. ಈ ಲೆಕ್ಕವನ್ನು ಎದುರು ಕೂತು ತಣ್ಣಗೆ ಹೇಳಿದರೆ, ಕಲಂಗಳಿಗೆ ಬಗ್ಗದವರೂ ಒಪ್ಪುತ್ತಾರೆ. ಒಪ್ಪಿದ್ದನ್ನು ಅಲ್ಲೇ ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿಸಿಕೊಳ್ಳಿ.

ಬಾಡಿಗೆ ನಿಲ್ಲಿಸಬೇಡಿ

ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಈ ಲೇಖನದಲ್ಲಿ ಇನ್ನೊಂದಿಲ್ಲ. ‘ಅಡ್ವಾನ್ಸಿನಲ್ಲೇ ಮುರಿದುಕೊಳ್ಳಲಿ’ ಎಂದು ಬಾಡಿಗೆ ನಿಲ್ಲಿಸಿದ ಕ್ಷಣ ನ್ಯಾಯ ನಿಮ್ಮ ಕಡೆಯಿಂದ ಜಾರತೊಡಗುತ್ತದೆ. ಮಾಲೀಕರು ನಗದು ಬೇಡವೆಂದರೆ ಅವರ ಬ್ಯಾಂಕ್ ಖಾತೆಗೆ ಹಾಕಿ, ಯಾವ ತಿಂಗಳ ಬಾಡಿಗೆ ಎಂದು ನಮೂದಿಸಿ. ಖಾತೆ ಗೊತ್ತಿಲ್ಲದಿದ್ದರೆ ಮನಿ ಆರ್ಡರ್ ಮಾಡಿ. ತಿರಸ್ಕರಿಸಿ ವಾಪಸು ಬಂದ ಚೀಟಿಯೂ ಬೆಲೆಬಾಳುವ ದಾಖಲೆಯೇ.

ಬೀಗ ಜಡಿದರೆ, ಕರೆಂಟ್ ಕಿತ್ತರೆ

ಮನೆಯ ಸ್ವಾಧೀನದಲ್ಲಿ ನೆಲೆಸಿರುವವರನ್ನು ಮಾಲೀಕರೇ ಆದರೂ ಕಾನೂನಿನ ದಾರಿಯಲ್ಲದೆ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಸಾಮಾನು ಬೀದಿಗೆ ಎಸೆದರೆ ಅಥವಾ ಬೀಗ ಹಾಕಿದರೆ ಮೊಬೈಲಿನಲ್ಲಿ ಚಿತ್ರೀಕರಿಸಿ, 112ಕ್ಕೆ ಕರೆ ಮಾಡಿ. ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಎಂಬ ಉತ್ತರ ಸಿಗುವುದು ವಿಶೇಷವೇನಲ್ಲ. ಬಾಡಿಗೆಯ ತಕರಾರು ಬಗೆಹರಿಸಿ ಎಂದು ಕೇಳಬೇಡಿ. ತಡೆದದ್ದು, ಬೆದರಿಸಿದ್ದು, ಸಾಮಾನು ಹಾಳುಮಾಡಿದ್ದು ಇವಷ್ಟನ್ನೇ ದೂರಿನಲ್ಲಿ ಬರೆಯಿರಿ. ಭಾರತೀಯ ನ್ಯಾಯ ಸಂಹಿತೆಯಡಿ ಅವು ಅಪರಾಧಗಳು. ದೂರಿಗೆ ಸ್ವೀಕೃತಿ ಅಥವಾ ಹಿಂಬರಹ ಕೇಳಿ ಪಡೆಯಿರಿ. ಅಪರಾಧದ ದೂರನ್ನು ದಾಖಲಿಸಲು ನಿರಾಕರಿಸಿದರೆ ಅದನ್ನೇ ಅಂಚೆಯಲ್ಲಿ ಎಸ್‌ಪಿ ಅವರಿಗೆ ಕಳಿಸಲು ಅವಕಾಶವಿದೆ.

ವಿದ್ಯುತ್ ಕಡಿತವಾದರೆ ಅದು ಬೆಸ್ಕಾಂನ ಕಡಿತವೋ ಮಾಲೀಕರು ಫ್ಯೂಸ್ ಕಿತ್ತಿದ್ದೋ ಎಂಬುದನ್ನು 1912ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಎರಡನೆಯದಾದರೆ ಸಿವಿಲ್ ನ್ಯಾಯಾಲಯದಲ್ಲಿ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದು. ನೀರಿಗೂ ಇದೇ ಮಾತು. ಹೊರಹಾಕಿಯೇ ಬಿಟ್ಟಿದ್ದರೆ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯುವ ದಾರಿ ಇದೆ. ಆ ದಾವೆಯಲ್ಲಿ ಮನೆ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಇದ್ದವರನ್ನು ಅಕ್ರಮವಾಗಿ ಹೊರಹಾಕಿದರೇ ಎಂಬುದಷ್ಟೇ ವಿಚಾರ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಮಾಲೀಕರೇ ದಾವೆ ಹೂಡಿ ಸಮನ್ಸ್ ಬಂದರೆ ಹಾಜರಾಗಿ, 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಿ. ಮನೆಯಲ್ಲೇ ಕೂತರೆ ಏಕಪಕ್ಷೀಯ ಆದೇಶವಾಗಿ, ಒಂದು ದಿನ ಆದೇಶ ಜಾರಿ ಮಾಡುವ ಕೋರ್ಟಿನ ಅಮೀನರು ಬಾಗಿಲಿಗೆ ಬರುತ್ತಾರೆ. ಆಗ ವಾದಕ್ಕೆ ಎಡೆಯಿರುವುದಿಲ್ಲ. ವರ್ಷಗಟ್ಟಲೆ ಎಳೆಯುವ ಆಸೆಯೂ ಬೇಡ. 106ನೇ ಕಲಂ ಅಡಿಯ ಮನೆಗೆ ಮಾಲೀಕರು ಕಾರಣ ಕೊಡಬೇಕಿಲ್ಲ, ಮತ್ತು ಅವಧಿ ಮೀರಿ ಇದ್ದ ದಿನಗಳಿಗೆ ಬಾಡಿಗೆಗಿಂತ ಹೆಚ್ಚಿನ ಪರಿಹಾರ ಕೇಳಬಹುದು.

ಕೆಲವು ತೊಡಕಿನ ಸಂದರ್ಭಗಳು

ಅಣ್ಣತಮ್ಮಂದಿರು ಪಾಲಾಗಿ ಮನೆ ಇನ್ನೊಬ್ಬರ ಹೆಸರಿಗೆ ಬಂದಿದೆ, ಅಥವಾ ಮನೆ ಮಾರಾಟವಾಗಿದೆ. ಹೊಸಬರು ಬಂದು ‘ನಿಮ್ಮನ್ನು ಇಟ್ಟವರು ನಾವಲ್ಲ’ ಎನ್ನುತ್ತಾರೆ. ಅಲ್ಲಿಗೆ ನಿಮ್ಮ ಬಾಡಿಗೆ ಮುಗಿಯುವುದಿಲ್ಲ. ಹಳೆಯ ಮಾಲೀಕರ ಸ್ಥಾನಕ್ಕೆ ಹೊಸಬರು ಬರುತ್ತಾರೆ, ಅಷ್ಟೇ. ಯಾರಿಗೆ ಬಾಡಿಗೆ ಕೊಡಬೇಕು, ಅಡ್ವಾನ್ಸ್ ಯಾರ ಬಳಿ ಇದೆ ಎಂಬುದನ್ನು ಇಬ್ಬರಿಂದಲೂ ಬರಹದಲ್ಲಿ ಪಡೆಯಿರಿ.

ಪಿಜಿಯಲ್ಲಿರುವ ವಿದ್ಯಾರ್ಥಿಗಳ ಸ್ಥಿತಿ ಇನ್ನೂ ಸೂಕ್ಷ್ಮ. ಅವರದು ಸಾಮಾನ್ಯವಾಗಿ ಬಾಡಿಗೆ ಹಕ್ಕಲ್ಲ, ಇರಲು ಕೊಟ್ಟ ಅನುಮತಿ. 15 ದಿನಗಳ ನಿಯಮ ಸಿಗದು. ಆದರೂ ಅನುಮತಿ ಹಿಂತೆಗೆದುಕೊಂಡಾಗ ಸಾಮಾನು ಸಾಗಿಸಿಕೊಂಡು ಹೊರಡಲು ನ್ಯಾಯವಾದ ಸಮಯ ಕೊಡಬೇಕೆಂದು ಅನುಭೋಗ ಹಕ್ಕುಗಳ ಕಾಯ್ದೆ ಹೇಳುತ್ತದೆ. ರಾತ್ರೋರಾತ್ರಿ ಟ್ರಂಕು ಹೊರಗಿಡುವಂತಿಲ್ಲ.

ಬಾಡಿಗೆ ಜಾಗದಲ್ಲಿ ಮಂಡಕ್ಕಿ ಭಟ್ಟಿ ನಡೆಸುವವರಿಗೆ ತಯಾರಿಕಾ ಉದ್ದೇಶದ ಗುತ್ತಿಗೆಯೆಂದು 6 ತಿಂಗಳ ನೋಟಿಸು ಬೇಕೆಂದು ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿದೆ. ಆದರೆ ಅದಕ್ಕೆ ನೋಂದಾಯಿತ ಪತ್ರವಿರಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಸ್ಪಷ್ಟಪಡಿಸಿದೆ. ಬಾಯಿ ಮಾತಿನ ಭಟ್ಟಿಗೂ 15 ದಿನವೇ.

ಬಿಡುವ ದಿನ

ಗೋಡೆ, ನಲ್ಲಿ, ಫ್ಯಾನು, ವಿದ್ಯುತ್ ಮೀಟರ್ ಎಲ್ಲದರ ಫೋಟೊ ತೆಗೆಯಿರಿ. ದಿನಬಳಕೆಯಿಂದ ಮಾಸಿದ ಬಣ್ಣ ಹಾನಿಯಲ್ಲ. ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿಯುವ ವಾಡಿಕೆಗೆ ಕರಾರಿನಲ್ಲಿ ಆಧಾರ ಬೇಕು. ಕೊನೆಯ ಬಿಲ್ಲುಗಳನ್ನು ಕಟ್ಟಿ, ರಸೀದಿ ತೋರಿಸಿ, ಹಣ ಎಣಿಸಿಕೊಂಡು, ‘ಕೀಲಿ ಪಡೆದಿದ್ದೇನೆ, ಬಾಕಿ ಏನೂ ಇಲ್ಲ’ ಎಂದು ಮಾಲೀಕರಿಂದ ಸಹಿ ಪಡೆದ ಮೇಲೆ ಕೀಲಿ ಕೊಡಿ. ಮುಂಗಡದಲ್ಲಿ ಬಾಕಿ ಉಳಿಸಿಕೊಂಡರೆ ಅದರ ಮೊತ್ತವನ್ನೂ ಕೊಡುವ ದಿನಾಂಕವನ್ನೂ ಅದೇ ಹಾಳೆಯಲ್ಲಿ ಬರೆಸಿ. ವಸೂಲಿಗೆ ದಾವೆ ಹೂಡಲು ಮೂರು ವರ್ಷಗಳ ಕಾಲಮಿತಿ ಇದೆ.