ಜೂನ್‌ನಲ್ಲಿ ಕಾಣೆಯಾಗುವ ಮಕ್ಕಳು

ಮಂಗಳೂರಿನಲ್ಲಿ ನಮ್ಮ ಚರ್ಚಿನ ಹಾಲ್‌ನಲ್ಲಿ ಸಂಜೆ ಐದರಿಂದ ಏಳರವರೆಗೆ ಮಕ್ಕಳಿಗೆ ಪಾಠ ಹೇಳಿಕೊಡುತ್ತೇವೆ. 2016ರಲ್ಲಿ ಶುರು ಮಾಡಿದ್ದು. ಬರುವವರೆಲ್ಲ ಕಟ್ಟಡ ಕೆಲಸದವರ ಮಕ್ಕಳು. ಊರು ಕೊಪ್ಪಳ, ಯಾದಗಿರಿ, ಬಾಗಲಕೋಟೆ ಕಡೆ. ಅಪ್ಪ ಅಮ್ಮ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ, ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ.

ನನಗೆ ಆಗ ಇದ್ದ ಅನುಭವ ಅಂದರೆ ಸಂಡೇ ಸ್ಕೂಲಿನಲ್ಲಿ ಹನ್ನೆರಡು ವರ್ಷ ಕತೆ ಹೇಳಿದ್ದು, ಅಷ್ಟೇ. ಆದರೆ ಮನಸ್ಸಿನಲ್ಲಿ ಒಂದು ಸಾಲದ ಭಾವನೆ ಇತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಕ್ರೈಸ್ತರಾದವರನ್ನು ಜಾತಿಯವರು ಹೊರಗೆ ಹಾಕುತ್ತಿದ್ದರು. ಅವರಿಗೆ ಹೊಟ್ಟೆಪಾಡು ಬೇಕಲ್ಲ, ಅದಕ್ಕೇ ನೇಯ್ಗೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಜೊತೆಗೆ ಶಾಲೆಗಳು. ನಮ್ಮ ಮುತ್ತಜ್ಜ ಆ ಹೆಂಚಿಗೆ ಮಣ್ಣು ತುಳಿದವರು. ಅವರ ಮಗಳು ಟೀಚರ್ ಆದರು. ಯಾರೋ ಅವರನ್ನು ಬೆಂಚಿನ ಮೇಲೆ ಕೂರಿಸಿದ್ದಕ್ಕೆ ನಾನು ಇವತ್ತು ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಮಾಡಿದ್ದೆಲ್ಲ ತಪ್ಪೇ. ಕ್ರಿಸ್ಮಸ್‌ಗೆ ಎಲ್ಲರಿಗೂ ಹೊಸ ಬ್ಯಾಗು, ಹೊಸ ಬಟ್ಟೆ ಹಂಚಿದೆವು. ಸಾಲಾಗಿ ನಿಲ್ಲಿಸಿ ಫೋಟೋ ಹೊಡೆದೆವು. ಡಿಸೆಂಬರ್‌ನಲ್ಲಿ ನಲವತ್ತು ಮಕ್ಕಳು, ಜನವರಿಯಲ್ಲಿ ಒಂಬತ್ತು. ಒಬ್ಬ ಅಪ್ಪ ಬಂದು ಆ ಫೋಟೋ ಅಳಿಸಿ ಹಾಕಿ ಅಂದರು. "ನಾವು ದುಡ್ಯಾಕ ಬಂದೀವ್ರಿ, ಬೇಡಾಕ ಬಂದಿಲ್ಲ." ಅಳಿಸಿದೆ. ಆಮೇಲೆ ಇವತ್ತಿನವರೆಗೂ ಫೋಟೋ ಇಲ್ಲ. ದೇಣಿಗೆ ಕೊಡುವವರಿಗೆ ಸ್ವಲ್ಪ ಬೇಜಾರು, ಇರಲಿ.

ಹುಡುಗಿಯರು ಬರುತ್ತಲೇ ಇರಲಿಲ್ಲ. ಯಾಕೆ ಅಂತ ನಾನು ಏನೇನೋ ಊಹೆ ಮಾಡಿಕೊಂಡಿದ್ದೆ. ಶೆಡ್ಡಿಗೆ ಹೋಗಿ ಕೇಳಿದರೆ ಎಂಟು ವರ್ಷದ ಹುಡುಗಿ ಕೇಳಿದಳು, "ತಂಗಿನ ಎಲ್ಲಿ ಬಿಟ್ಟು ಬರ್ಲಿ ಅಕ್ಕೋರ?" ಸೊಂಟದ ಮೇಲೆ ಕೂಸು ಇತ್ತು. ಮರುವಾರ ಹಾಲ್‌ನ ಹಿಂದಿನ ಕೋಣೆಯಲ್ಲಿ ಹಳೇ ಸೀರೆಯ ಎರಡು ತೊಟ್ಟಿಲು ಕಟ್ಟಿದೆವು. ಚರ್ಚಿನ ಸಭೆಯ ಇಬ್ಬರು ಅಜ್ಜಿಯಂದಿರು ತೂಗಲಿಕ್ಕೆ ಬಂದರು. ಒಬ್ಬರಿಗೆ ತುಳು ಬಿಟ್ಟು ಬೇರೆ ಭಾಷೆ ಸರಿಯಾಗಿ ಬಾರದು. ಕೂಸುಗಳಿಗೆ ಅದೇನೂ ತೊಂದರೆ ಆಗಲಿಲ್ಲ. ಒಂದೇ ತಿಂಗಳಲ್ಲಿ ಹುಡುಗರಿಗಿಂತ ಹುಡುಗಿಯರೇ ಜಾಸ್ತಿ ಆದರು. ನಾನು ತರಿಸಿದ್ದ ಚಾರ್ಟು, ಫ್ಲ್ಯಾಶ್ ಕಾರ್ಡು ಯಾವುದೂ ಮಾಡದ ಕೆಲಸವನ್ನು ಎರಡು ಹಳೇ ಸೀರೆ ಮಾಡಿದವು.

ಭಾಷೆಯದ್ದು ಇನ್ನೊಂದು ಕತೆ. ನಮ್ಮ ಕರಾವಳಿ ಕನ್ನಡ ಕೇಳಿ ಅವರಿಗೆ ನಗು. "ಅಕ್ಕೋರ, ನೀವು ಟಿವಿಯೊಳಗ ಮಾತಾಡ್ದಂಗ ಮಾತಾಡ್ತೀರಿ." ಒಬ್ಬ ಹುಡುಗ ಅಂಗಡಿಯಲ್ಲಿ ಐವತ್ತು ರೂಪಾಯಿ ಕೊಟ್ಟು ಮೂವತ್ತೇಳರ ಸಾಮಾನು ತಂದು, ಹದಿಮೂರು ಚಿಲ್ಲರೆ ಸರಿಯಾಗಿ ಎಣಿಸಿಕೊಳ್ಳುತ್ತಿದ್ದ. ಅದೇ ಲೆಕ್ಕ ಬೋರ್ಡಿನ ಮೇಲೆ ಬರೆದರೆ ಸೊನ್ನೆಯಲ್ಲಿ ಏಳು ಹೋಗಲ್ಲ ಅಂತ, ಏಳರಲ್ಲಿ ಸೊನ್ನೆ ಕಳೆದು 27 ಬರೆಯುತ್ತಿದ್ದ. ನಾಲ್ಕು ದಿನ ಹತ್ತರ ನೋಟು ಮುರಿಸಿ ಒಂದು ರೂಪಾಯಿ ನಾಣ್ಯ ಮಾಡಿಸಿದೆ. ಐದನೇ ದಿನ ಅವನೇ ಅಂದ, "ಓ, ದಶಕ ಅಂದ್ರ ನೋಟೇನ್ರಿ?"

ಆದರೆ ನಿಜವಾದ ಕಷ್ಟ ಪಾಠದ್ದಲ್ಲ, ಕ್ಯಾಲೆಂಡರಿನದ್ದು. ಇದು ಅರ್ಥವಾಗಲಿಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಕರಾವಳಿಯಲ್ಲಿ ಜೂನ್ ಅಂದರೆ ಮಳೆ. ಕೆಲಸ ಕಡಿಮೆಯಾಗುತ್ತದೆ, ಮೇಸ್ತ್ರಿ ಲೆಕ್ಕ ಚುಕ್ತಾ ಮಾಡುತ್ತಾನೆ. ಅದೇ ಹೊತ್ತಿಗೆ ಊರಲ್ಲಿ ಬಿತ್ತನೆ. ಕುಟುಂಬಗಳು ಬಸ್ ಹತ್ತುತ್ತವೆ. ಇಲ್ಲಿ ಶಾಲೆ ಶುರುವಾಗುವುದೂ ಆಗಲೇ! ದಸರಾ ಕಳೆದು ವಾಪಸ್ ಬಂದರೆ ಇಲ್ಲಿ ಹೆಸರಿಲ್ಲ, ಊರಿನ ಶಾಲೆಯಲ್ಲಿ ಹೆಸರಿದೆ, ಮಗು ಅಲ್ಲಿಲ್ಲ. ಎರಡೂ ಕಡೆ ಇಲ್ಲದ ಮಕ್ಕಳು ಇವರು.

ಒಂದು ಶಾಲೆಯಲ್ಲಿ ಟಿಸಿ ಇಲ್ಲದೆ ಸೇರಿಸಲ್ಲ ಅಂದರು. ಇನ್ನೊಂದರಲ್ಲಿ ಜನ್ಮ ಪ್ರಮಾಣಪತ್ರ ಕೇಳಿದರು. ಆಮೇಲೆ ನಾನು ಕೂತು ಶಿಕ್ಷಣ ಹಕ್ಕು ಕಾಯ್ದೆ ಓದಿದೆ. 2009ರ ಕಾಯ್ದೆ, ಆರರಿಂದ ಹದಿನಾಲ್ಕು ವರ್ಷದವರಿಗೆ. ಟಿಸಿ ತಡವಾಯಿತು ಅಂತ ಸೇರಿಸದೆ ಇರುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಆ ಪುಟಗಳ ಜೆರಾಕ್ಸ್ ಈಗಲೂ ನನ್ನ ಬ್ಯಾಗಿನಲ್ಲಿರುತ್ತದೆ. ಆದರೆ ಅದನ್ನು ತೆಗೆದು ತೋರಿಸಿದರೆ ಹೆಡ್‌ಮಾಸ್ತರರಿಗೆ ಸಿಟ್ಟು ಬರುತ್ತದೆ. ಮಗುವಿನ ಸ್ಯಾಟ್ಸ್ ನಂಬರ್ (ಸರ್ಕಾರದ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ನಂಬರ್) ತೆಗೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ, ಊರಿನ ಶಾಲೆಯ ದಾಖಲೆ ಅವರಿಗೇ ಸಿಗುತ್ತದೆ. ಹಾಗಾಗಿ ಈಗ ಮೇ ತಿಂಗಳಲ್ಲಿ ಪ್ರತಿ ಮಗುವಿಗೂ ಇನ್ನೂರು ಪುಟದ ನೋಟ್‌ಬುಕ್ ಕೊಡುತ್ತೇವೆ. ಮೊದಲ ಪುಟದಲ್ಲಿ ಸ್ಯಾಟ್ಸ್ ನಂಬರ್, ಇಲ್ಲಿನ ಶಾಲೆಯ ಹೆಸರು, ನನ್ನ ಫೋನ್. ಊರಿಗೆ ಹೋದ ಮರುದಿನವೇ ಅಲ್ಲಿನ ಶಾಲೆಗೆ ಹೋಗಬೇಕು, ಈ ಪುಟ ತೋರಿಸಬೇಕು.

ನಡುವೆ ಒಂದು ದೊಡ್ಡ ಎಡವಟ್ಟು ಮಾಡಿದೆ. ಒಂದು ಜೂನ್‌ನಲ್ಲಿ ಮೂವರು ಹುಡುಗಿಯರನ್ನು, "ಇವರು ಇಲ್ಲೇ ಓದಲಿ" ಅಂತ, ಚರ್ಚಿನ ಕಾಂಪೌಂಡಿನ ಕೋಣೆಯಲ್ಲಿ ಉಳಿಸಿಕೊಂಡೆವು. ಅಪ್ಪ ಅಮ್ಮ ಒಪ್ಪಿದ್ದರು, ಅಡುಗೆಗೆ ಜನ ಇದ್ದರು. ಮೂರನೇ ವಾರ ಅಧಿಕಾರಿಗಳು ಬಂದರು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಹೀಗೆ ಮಕ್ಕಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ ನೋಂದಣಿ ಆಗಿರಬೇಕು. ಇಲ್ಲದಿದ್ದರೆ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷಕ್ಕೆ ಕಡಿಮೆ ಇಲ್ಲದ ದಂಡ. ನಮ್ಮ ಪುಣ್ಯ, ಬುದ್ಧಿ ಹೇಳಿ ಬಿಟ್ಟರು. ಆಗ ನನಗೆ ಅವಮಾನ ಆಗಿತ್ತು, ಒಳ್ಳೆ ಕೆಲಸಕ್ಕೂ ಅಡ್ಡ ಬರ್ತಾರಲ್ಲ ಅಂತ. ಈಗ ಯೋಚಿಸಿದರೆ ಅವರು ಮಾಡಿದ್ದೇ ಸರಿ. ದೇವರ ಹೆಸರು ಹೇಳುವವರ ಮನೆ ಅಂತ ಯಾರೂ ಒಳಗೆ ನೋಡದೆ ಹೋದರೆ ಮಕ್ಕಳಿಗೆ ಏನೇನು ಆಗಬಹುದು ಅಂತ ಪೇಪರ್ ಓದುವವರಿಗೆಲ್ಲ ಗೊತ್ತು. ಆ ಮೂವರಲ್ಲಿ ಇಬ್ಬರು ಊರಿನ ಕಡೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಕ್ಕೆ, ಅಂದರೆ ಹುಡುಗಿಯರ ಸರ್ಕಾರಿ ವಸತಿ ಶಾಲೆಗೆ, ಸೇರಿದರು. ಮೂರನೆಯವಳ ಮದುವೆಯಾಯಿತು ಅಂತ ಗೊತ್ತಾದಾಗ ತಡವಾಗಿತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕಾಗಿದ್ದವಳು ನಾನೇ.

ಪ್ರಾರ್ಥನೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊರಗಿನವರು ಅನುಮಾನದಿಂದ, ನಮ್ಮ ಸಭೆಯ ಹಿರಿಯರು ಆಸೆಯಿಂದ. ನನ್ನ ಪ್ರಾರ್ಥನೆ ನಾಲ್ಕೂವರೆಗೆ ಮುಗಿದಿರುತ್ತದೆ, ಮಕ್ಕಳು ಐದಕ್ಕೆ ಬರುತ್ತಾರೆ. ಪಾಠದ ಹೊತ್ತಿನಲ್ಲಿ ಪ್ರಾರ್ಥನೆ ಮಾಡಿಸುವುದಿಲ್ಲ, ಸಂಡೇ ಸ್ಕೂಲಿಗೆ ಕರೆಯುವುದೂ ಇಲ್ಲ. ಹಸಿದವರ ಹೂಂ ಅನ್ನುವ ಮಾತಿಗೆ ನಾನು ಬೆಲೆ ಕೊಡಲಾರೆ. ಹಾಗಂತ ಗೋಡೆಯ ಮೇಲಿನ ಶಿಲುಬೆಗೆ ಬಟ್ಟೆ ಮುಚ್ಚಿಲ್ಲ. ಒಬ್ಬ ಪುಟ್ಟ ಹುಡುಗ ಕೇಳಿದ್ದ, "ಈ ಸ್ವಾಮಿಗೆ ಮೊಳೆ ಯಾಕ ಹೊಡದಾರ್ರಿ?" ಎರಡು ಮಾತಿನಲ್ಲಿ ಹೇಳಿದೆ. "ಪಾಪ" ಅಂದು ಮಗ್ಗಿಗೆ ವಾಪಸ್ ಹೋದ.

ದುಡ್ಡು ಬೆಳೆಹಬ್ಬದ ಏಲಂನಿಂದ ಬರುತ್ತದೆ. ಒಂದು ಕುಂಬಳಕಾಯಿಯನ್ನು ಮೂರು ಜನ ಸೇರಿ ಸಾವಿರ ರೂಪಾಯಿಗೆ ಏರಿಸುತ್ತಾರೆ, ಗೆದ್ದವರು ಅದನ್ನೇ ಮತ್ತೆ ಏಲಂಗೆ ಕೊಡುತ್ತಾರೆ. ಅವಲಕ್ಕಿ, ಬಾಳೆಹಣ್ಣು, ನೋಟ್‌ಬುಕ್ ಅಷ್ಟರಲ್ಲೇ ನಡೆಯುತ್ತದೆ.

ಕಳೆದ ಅಕ್ಟೋಬರ್‌ನಲ್ಲಿ ಆರನೇ ಕ್ಲಾಸಿನ ಹುಡುಗಿ ಊರಿಂದ ಬಂದಳು. ನೋಟ್‌ಬುಕ್ಕನ್ನು ಸಿಮೆಂಟ್ ಚೀಲದ ತುಂಡಿನಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಮೊದಲ ಪುಟದಲ್ಲಿ ಊರಿನ ಶಾಲೆಯ ಸೀಲು. ಹಿಂದಿನಿಂದ ತೆರೆದರೆ ಬೇರೆಯೇ ಕೈಬರಹ ಅನ್ನಿಸುವಷ್ಟು ಒತ್ತಿ ಬರೆದ ಸಾಲುಗಳು. ತಾರೀಖು, ಆಳು, ದಿನಗೂಲಿ, ಕೈಗಡ.

"ಅಪ್ಪನ ಮೇ ತಿಂಗಳ ಲೆಕ್ಕ ಅಕ್ಕೋರ. ಮೇಸ್ತ್ರಿ ಎರಡು ದಿನ ಕಮ್ಮಿ ಹಿಡದಾನ. ನಾ ಮೂರು ಸರ್ತಿ ಕೂಡ್ಸಿ ನೋಡೀನಿ."

ನಾನೂ ಕೂಡಿಸಿ ನೋಡಿದೆ. ಎರಡು ದಿನ ಕಮ್ಮಿಯೇ ಇತ್ತು.