ಪ್ಲಾಟ್‌ಫಾರ್ಮಿನಲ್ಲಿ ಕ್ಯಾಮೆರಾ ತೆಗೆಯುವ ಮುಂಚೆ

ನಮ್ಮಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್, ಅಂದರೆ ರೈಲು ಹಳಿ ಬದಲಿಸುವ ಕೆಲಸದವರು ಆಗಿದ್ದರು. ಅದೇ ಊರಿನಲ್ಲಿ ನಾನು 26 ವರ್ಷ ಸ್ಟುಡಿಯೊ ನಡೆಸಿದೆ. ಪಾಸ್‌ಪೋರ್ಟ್ ಸೈಜ್ ಫೋಟೊ, ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊ. ಈಗ ಮಗಳ ಜೊತೆ ಬೆಂಗಳೂರಿನ ವಿಜಯನಗರದಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಮಕ್ಕಳಿಗೆ ಫೋಟೊ ತೆಗೆಯುವುದನ್ನು ಹೇಳಿಕೊಡುತ್ತೇನೆ. ಅವರು ಕೇಳುವ ಮೊದಲ ಪ್ರಶ್ನೆ ಲೆನ್ಸಿನದ್ದಲ್ಲ. "ಮೇಡಂ, ಮೆಟ್ರೊದಲ್ಲಿ ಫೋಟೊ ತೆಗೆದರೆ ಹಿಡೀತಾರಾ?"

ಇದಕ್ಕೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳೋಕೆ ಆಗಲ್ಲ. ಹಾಗಾಗಿ ಅವರಿಗೆ ಎರಡು ಪ್ರಶ್ನೆ ಕಲಿಸಿದ್ದೇನೆ. ಈ ಜಾಗ ಯಾರದ್ದು? ಈ ಮುಖ ಯಾರದ್ದು? ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮುಂಚೆ ಎರಡಕ್ಕೂ ಉತ್ತರ ಗೊತ್ತಿರಬೇಕು.

ಮೊದಲು ಜಾಗದ ವಿಷಯ. ಬೀದಿಯಲ್ಲಿ ನಿಂತು ಬೀದಿಯ ಫೋಟೊ ತೆಗೆಯಲು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಯಾರ ಅನುಮತಿಯೂ ಬೇಡ. ಮಲ್ಲೇಶ್ವರದ ಹೂವಿನ ಸಾಲು, ಗಾಂಧಿ ಬಜಾರಿನ ಮಳೆ, ಕಡಲೆಕಾಯಿ ಪರಿಷೆ, ಎಲ್ಲ ತೆಗೆಯಬಹುದು. ಆದರೆ ಮೆಟ್ರೊ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣ ಬೀದಿಯಲ್ಲ. ಅಲ್ಲಿ ಎಲ್ಲರೂ ಓಡಾಡುತ್ತಾರೆ ನಿಜ. ಆದರೆ ಓಡಾಡಲು ಬಿಟ್ಟವರು ಫೋಟೊಗೂ ಬಿಟ್ಟಿದ್ದಾರೆ ಎಂದುಕೊಳ್ಳಬಾರದು. ಒಂದೊಂದು ಜಾಗಕ್ಕೂ ಒಬ್ಬೊಬ್ಬ ಯಜಮಾನರಿದ್ದಾರೆ, ಅವರವರದೇ ನಿಯಮ ಇದೆ.

ಮೆಟ್ರೊಗೆ ಹೋದಾಗ ಮೊದಲು ಗೋಡೆ ನೋಡಿ. ಕ್ಯಾಮೆರಾ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಬೋರ್ಡು ಇದ್ದರೆ ಅಲ್ಲಿಗೆ ಮಾತು ಮುಗಿಯಿತು. ಬೋರ್ಡು ಕಾಣದಿದ್ದರೂ ಬ್ಯಾಗ್ ತಪಾಸಣೆಯ ಯಂತ್ರ, ಮೆಟಲ್ ಡಿಟೆಕ್ಟರ್, ಸಿಸಿಟಿವಿ, ಕಂಟ್ರೋಲ್ ರೂಮ್ ಇವುಗಳ ಕಡೆ ಫೋನ್ ಎತ್ತಲೇಬೇಡಿ. ಮನೆಯವರ ಜೊತೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದವರನ್ನು ತಡೆದಿದ್ದು ನಾನು ನೋಡಿಲ್ಲ. ಸ್ಟ್ಯಾಂಡು, ಲೈಟು, ದೊಡ್ಡ ಕ್ಯಾಮೆರಾ ಹೊರಗೆ ಬಂದರೆ ಮಾತ್ರ ಸೆಕ್ಯುರಿಟಿಯವರು ಎರಡು ನಿಮಿಷದಲ್ಲಿ ಪಕ್ಕದಲ್ಲಿರುತ್ತಾರೆ. ಅದು ನ್ಯಾಯವೇ. ಕಚೇರಿ ಬಿಡುವ ಹೊತ್ತಿನಲ್ಲಿ ಮೆಜೆಸ್ಟಿಕ್ ನಿಲ್ದಾಣದಲ್ಲಿ ಟ್ರೈಪಾಡಿನ ಮೂರು ಕಾಲಿಗೆ ಜಾಗ ಎಲ್ಲಿದೆ?

ಫ್ಲಾಶ್ ಆಫ್ ಮಾಡಿಡಿ. ಇದಕ್ಕೆ ಬಲವಾದ ಕಾರಣ ಇದೆ. ಕತ್ತಲ ಸುರಂಗದಿಂದ ರೈಲು ಹೊರಗೆ ಬರುವಾಗ ಓಡಿಸುವವರ ಕಣ್ಣಿಗೆ ಬೆಳಕು ಹೊಡೆದರೆ ಒಂದೆರಡು ಕ್ಷಣ ಏನೂ ಕಾಣಲ್ಲ. ಆ ಕ್ಷಣದಲ್ಲೇ ಅವರು ಪ್ಲಾಟ್‌ಫಾರ್ಮಿನ ಅಂಚು ನೋಡುತ್ತಿರಬೇಕು.

ಫೋನಿಗೆ ಕೈಗೆ ಸಿಗಿಸುವ ದಾರ ಕಟ್ಟಿಕೊಳ್ಳಿ. ನಮ್ಮ ಮೆಟ್ರೊದ ಹಳಿಯ ಪಕ್ಕ ಇನ್ನೊಂದು ಹಳಿ ಓಡುತ್ತದೆ, ಅದರಲ್ಲಿ 750 ವೋಲ್ಟ್ ಕರೆಂಟ್ ಇರುತ್ತದೆ. 2024ರ ಜನವರಿ 1ರಂದು ಇಂದಿರಾನಗರ ನಿಲ್ದಾಣದಲ್ಲಿ ಪ್ರಯಾಣಿಕರೊಬ್ಬರ ಫೋನ್ ಹಳಿಗೆ ಬಿತ್ತು, ಅವರು ಅದನ್ನು ಎತ್ತಿಕೊಳ್ಳಲು ಇಳಿದೇಬಿಟ್ಟರು. ಸಿಬ್ಬಂದಿ ತಕ್ಷಣ ಕರೆಂಟ್ ತೆಗೆದಿದ್ದರಿಂದ ಜೀವ ಉಳಿಯಿತು. ಫೋನ್ ಬಿದ್ದರೆ ಸಿಬ್ಬಂದಿಗೆ ಹೇಳಿ, ಅವರೇ ತೆಗೆದುಕೊಡುತ್ತಾರೆ. ಇಳಿಯಬೇಡಿ. ಇದನ್ನು ನನ್ನ ಮಕ್ಕಳಿಗೆ ಪ್ರತಿ ವಾರ ಹೇಳುತ್ತೇನೆ.

ರೈಲು ನಿಲ್ದಾಣ ನಾನು ಹುಟ್ಟಿ ಬೆಳೆದ ಜಾಗ. ಅದಕ್ಕೇ ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯಾರನ್ನೂ ಹತ್ತಿಸಲು ಹೋಗದಿದ್ದರೂ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಳ್ಳಿ. ಅದು ಎರಡು ಗಂಟೆಗೆ ಮಾತ್ರ. ಟಿಕೆಟ್ ಇಲ್ಲದೆ ಕ್ಯಾಮೆರಾ ಹಿಡಿದು ನಿಂತವರು ಮೊದಲೇ ತಪ್ಪಿನಲ್ಲಿರುತ್ತಾರೆ, ಆಮೇಲೆ ಏನು ವಾದ ಮಾಡಿದರೂ ನಿಲ್ಲುವುದಿಲ್ಲ. ಹಳದಿ ಗೆರೆಯ ಹಿಂದೆಯೇ ನಿಲ್ಲಿ. ಸಿಗ್ನಲ್ ಕ್ಯಾಬಿನ್, ಸಿಗ್ನಲ್ ನಿಯಂತ್ರಿಸುವ ಪ್ಯಾನೆಲ್ ರೂಮ್ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಗೂಡ್ಸ್ ಗಾಡಿಯ ಮೇಲೆ ಹತ್ತಿ ಸೆಲ್ಫಿ ತೆಗೆಯಲು ಹೋಗಿ ಹುಡುಗರು ಸುಟ್ಟುಹೋಗಿದ್ದಾರೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ಸೆಲ್ಫಿ ಕೋಲಿಗೂ ಇದೇ ಮಾತು.

ಮಿಲಿಟರಿ ಸ್ಪೆಷಲ್ ಗಾಡಿ ಬಂದರೆ ಕ್ಯಾಮೆರಾ ಬ್ಯಾಗಿನೊಳಗೆ ಹೋಗಬೇಕು. ಚಿಕ್ಕವಳಿದ್ದಾಗ ಟ್ಯಾಂಕ್ ಹೊತ್ತ ಗಾಡಿ ನಿಂತಿದ್ದನ್ನು ಬೆರಳಿನಿಂದ ಎಣಿಸುತ್ತಿದ್ದೆ. ಅಪ್ಪ ನನ್ನ ಕೈ ಕೆಳಗಿಳಿಸಿ, "ಎಷ್ಟು ಬೋಗಿ, ಯಾವ ಕಡೆ ಹೋಯ್ತು ಅಂತ ನಾವು ಮಾತಾಡಬಾರದು ಪುಟ್ಟಿ" ಎಂದಿದ್ದರು. ಆಗ ಬರೀ ಮಾತಿನ ವಿಷಯ. ಈಗ ಒಂದು ವಿಡಿಯೊದಲ್ಲಿ ನಿಲ್ದಾಣದ ಹೆಸರು, ಸಮಯ, ದಿಕ್ಕು ಎಲ್ಲ ಒಟ್ಟಿಗೆ ಊರೂರಿಗೆ ಹೋಗಿಬಿಡುತ್ತದೆ.

ಹಳಿಯ ಮೇಲೆ ನಡೆದು ಫೋಟೊ ತೆಗೆಯುವುದು ಅಪರಾಧ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 2023ರ ಜುಲೈನಲ್ಲಿ ದೂಧ್‌ಸಾಗರ ಜಲಪಾತ ನೋಡಲು ಹಳಿಗುಂಟ ಜನ ಹೋದಾಗ ನೈಋತ್ಯ ರೈಲ್ವೆ ಇದೇ ಕಲಂ ಹೇಳಿ ಎಚ್ಚರಿಸಿತು. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ಹಳಿಯ ಮೇಲಿನ ಚಾರಣಕ್ಕೂ ಇದೇ ತಡೆ. ಆ ದಾರಿಯ 57 ಸುರಂಗಗಳ ಫೋಟೊ ಬೇಕಾದರೆ ಮಂಗಳೂರಿಗೆ ಹೋಗುವ ಹಗಲು ರೈಲಿನ ವಿಸ್ಟಾಡೋಮ್, ಅಂದರೆ ದೊಡ್ಡ ಗಾಜಿನ ಕಿಟಕಿಗಳ ಬೋಗಿ ಹತ್ತಿ. ಗಾಜಿಗೆ ಲೆನ್ಸ್ ಒತ್ತಿ ಹಿಡಿದು, ಸುತ್ತ ಕಪ್ಪು ಬಟ್ಟೆ ಇಟ್ಟುಕೊಂಡರೆ ಒಳಗಿನ ಬೆಳಕು ಬೀಳುವುದಿಲ್ಲ. ಸುರಂಗದಿಂದ ಹೊರಗೆ ಬರುವ ಹೊತ್ತಿನ ಹಸಿರು ಹೇಗಿರುತ್ತದೆ ಎಂದರೆ, ನಾನು ಎರಡು ಸಲ ಹೋಗಿ ಬಂದರೂ ಇನ್ನೊಮ್ಮೆ ಹೋಗಬೇಕು ಅನ್ನಿಸುತ್ತದೆ. ಬಾಗಿಲಲ್ಲಿ ನೇತಾಡಿ ತೆಗೆಯಬೇಕಿಲ್ಲ. ಮೆಟ್ಟಿಲ ಮೇಲೆ ನಿಂತು ಹೋಗುವುದೂ ಅದೇ ಕಾಯ್ದೆಯ 156ನೇ ಕಲಂನಲ್ಲಿ ಅಪರಾಧವೇ.

ವಿಮಾನ ನಿಲ್ದಾಣದ ನಿಯಮ ಇನ್ನೂ ಬಿಗಿ. 1937ರ ವಿಮಾನ ನಿಯಮಗಳಲ್ಲೇ ಅನುಮತಿ ಇಲ್ಲದೆ ಫೋಟೊ ಬೇಡ ಎಂದಿದೆ. ಪ್ರಯಾಣಿಕರು ಕಿಟಕಿಯಿಂದ ಮೋಡದ ಫೋಟೊ ತೆಗೆದುಕೊಳ್ಳಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2004ರಲ್ಲಿ ಸಡಿಲಿಕೆ ಕೊಟ್ಟಿತು. ಆದರೆ ವಾಯುಪಡೆ, ನೌಕಾಪಡೆಯ ನೆಲದಲ್ಲಿರುವ ನಿಲ್ದಾಣಗಳಿಗೆ ಅದು ಸಲ್ಲುವುದಿಲ್ಲ. 2025ರ ಮೇನಲ್ಲಿ ಇದನ್ನೇ ಮತ್ತೆ ಕಟ್ಟುನಿಟ್ಟು ಮಾಡಿದರು. ನಮ್ಮ ಬೀದರ್ ನಿಲ್ದಾಣ ವಾಯುಪಡೆಯದ್ದು. ಗೋವಾದ ದಾಬೋಲಿಂ ನೌಕಾಪಡೆಯದ್ದು. ಪುಣೆಯದ್ದೂ ವಾಯುಪಡೆಯದ್ದೇ. ಅಲ್ಲಿ ಇಳಿಯುವಾಗ ಫೋನ್ ಜೇಬಿನಲ್ಲಿರಲಿ. ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುವ ದಿನ ಟಿಕೆಟ್ ತೆಗೆದುಕೊಂಡು ಯಲಹಂಕದ ವಾಯುನೆಲೆಯಲ್ಲಿ ವಿಮಾನದ ಫೋಟೊ ತೆಗೆದವರು, ಮಾರನೇ ತಿಂಗಳು ಅದೇ ಗೋಡೆಯ ಹೊರಗೆ ನಿಂತು ಒಳಗಿನದನ್ನು ತೆಗೆಯುವ ಹಾಗಿಲ್ಲ. ಕಾರವಾರದ ನೌಕಾನೆಲೆ ಪಕ್ಕದ ಹೆದ್ದಾರಿಯಲ್ಲೂ ಅಷ್ಟೇ. ಸಮುದ್ರ ಎಷ್ಟೇ ಚೆನ್ನಾಗಿ ಕಂಡರೂ ಫೋಟೊ ಬೇಡ ಎಂಬ ಬೋರ್ಡು ಇರುವ ಜಾಗ ಪೂರ್ತಿ ದಾಟಿದ ಮೇಲೆ ಗಾಡಿ ನಿಲ್ಲಿಸಿ.

ಹಂಪಿ, ಹಳೇಬೀಡಿನಂಥ ಕಡೆ ಮೊಬೈಲ್ ಫೋಟೊಗೆ ತೊಂದರೆಯಿಲ್ಲ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಪೂಜೆ ನಡೆಯುವ ಗುಡಿಯಾದರೆ ಗರ್ಭಗುಡಿ ಬಿಟ್ಟುಬಿಡಿ.

ಈಗ ಎರಡನೇ ಪ್ರಶ್ನೆಗೆ ಬರುತ್ತೇನೆ. ನನ್ನನ್ನು ರಾತ್ರಿ ಎಬ್ಬಿಸಿ ಕೂರಿಸಿದ್ದು ಇದೇ ಪ್ರಶ್ನೆ.

ಸ್ಟುಡಿಯೊ ಶುರುವಾದ ಹೊಸದರಲ್ಲಿ ನಮ್ಮೂರ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಹೆಂಗಸಿನ ಫೋಟೊ ತೆಗೆದೆ. ಮಡಿಲಲ್ಲಿ ಮಗು, ಪಕ್ಕದಲ್ಲಿ ಒಂದು ಚೀಲ, ಮುಖದ ಮೇಲೆ ಸಂಜೆ ಬಿಸಿಲು. ನಾನು ತೆಗೆದ ಫೋಟೊಗಳಲ್ಲೇ ಚೆಂದದ್ದು. ಅವರನ್ನು ಕೇಳಲಿಲ್ಲ. ದೊಡ್ಡದು ಮಾಡಿಸಿ ಅಂಗಡಿಯ ಗಾಜಿನಲ್ಲಿ ಹಾಕಿದೆ. ಮೂರು ವಾರದ ಮೇಲೆ ಅವರ ಅಣ್ಣ ಬಂದರು. ಗಂಡನ ಮನೆಯ ಹೊಡೆತ ತಾಳಲಾರದೆ ಯಾರಿಗೂ ಹೇಳದೆ ಬಂದು ನಮ್ಮೂರಿನಲ್ಲಿ ಇದ್ದರಂತೆ. ಗಂಡನ ಕಡೆಯವರೊಬ್ಬರು ನನ್ನ ಗಾಜಿನಲ್ಲಿ ಆ ಮುಖ ನೋಡಿ ಹುಡುಕಿಕೊಂಡು ಬಂದಿದ್ದರು. ಅಣ್ಣ ಬೈಯಲಿಲ್ಲ. "ತೆಗೆದುಬಿಡಿ ಅಕ್ಕ" ಎಂದರು ಅಷ್ಟೇ. ತೆಗೆದೆ. ನೆಗೆಟಿವ್ ಕೂಡ ಅವರ ಕೈಗೇ ಕೊಟ್ಟೆ. ಆ ಹೆಂಗಸು ಆ ವಾರವೇ ಊರು ಬಿಟ್ಟರು. ಆಮೇಲೆ ಏನಾಯಿತೋ ನನಗೆ ಗೊತ್ತಾಗಲೇ ಇಲ್ಲ.

ಅವತ್ತಿನಿಂದ ಕೇಳದೆ ಯಾರ ಮುಖವನ್ನೂ ಹತ್ತಿರದಿಂದ ತೆಗೆದಿಲ್ಲ. ಕೇಳುವುದು ಕಷ್ಟವೇನಲ್ಲ. ಕ್ಯಾಮೆರಾ ತೋರಿಸಿ, "ಅಮ್ಮ, ಒಂದು ಫೋಟೊ ತೆಗೀಲಾ?" ಎನ್ನಿ. ಬೇಡ ಎಂದರೆ ನಕ್ಕು ಮುಂದೆ ಹೋಗಿ. ಎರಡನೇ ಸಲ ಕೇಳಬೇಡಿ. ಸರಿ ಎಂದರೆ ತೆಗೆದು ತೋರಿಸಿ, ಎಲ್ಲಿ ಹಾಕುತ್ತೀರಿ ಎಂದೂ ಹೇಳಿ. ತೆಗೆಯಲು ಒಪ್ಪಿದವರು ಊರಿಗೆಲ್ಲ ತೋರಿಸಲು ಒಪ್ಪಿರುವುದಿಲ್ಲ. ಮಕ್ಕಳಾದರೆ ಅಪ್ಪ ಅಮ್ಮನನ್ನು ಕೇಳಿ. ನಿದ್ದೆ ಹೋದವರನ್ನು, ಅಳುತ್ತಿರುವವರನ್ನು, ಅಪಘಾತದಲ್ಲಿ ಬಿದ್ದವರನ್ನು ತೆಗೆಯಲೇಬೇಡಿ. ಅಪಘಾತ ಕಂಡರೆ ಅದೇ ಫೋನಿನಲ್ಲಿ 108ಕ್ಕೆ ಕರೆ ಮಾಡಿ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಬಸ್ಸು ಹತ್ತುವ ಹೆಂಗಸರ ನೂಕುನುಗ್ಗಲನ್ನು ವಿಡಿಯೊ ಮಾಡಿ ಹಾಸ್ಯ ಮಾಡಿದರಲ್ಲ, ನನಗೆ ತುಂಬಾ ನೋವಾಯಿತು. ಧರ್ಮಸ್ಥಳ ನೋಡಬೇಕು ಎಂದು ವರ್ಷಗಟ್ಟಲೆ ಕಾದವರು ಅವರು. ಸೆರಗು ಜಾರಿದ ಕ್ಷಣವೇ ಸಾವಿರಾರು ಫೋನಿಗೆ ಹೋಯಿತು. 2025ರ ಮೇನಲ್ಲಿ ನಮ್ಮ ಮೆಟ್ರೊದಲ್ಲಿ ಹೆಂಗಸರ ವಿಡಿಯೊ ಕದ್ದು ತೆಗೆದು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಖಾತೆಯ ಮೇಲೆ ಬನಶಂಕರಿ ಪೊಲೀಸರು ಕೇಸು ಹಾಕಿದರು. ಮೈಯ ಖಾಸಗಿ ಭಾಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆದರೆ ಐಟಿ ಕಾಯ್ದೆಯ 66ಇ ಕಲಂನಲ್ಲಿ ಮೂರು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ನಿಮ್ಮ ವಿಡಿಯೊವನ್ನೇ ಯಾರಾದರೂ ಕದ್ದು ತೆಗೆಯುತ್ತಿದ್ದರೆ ರೈಲಿನಲ್ಲಿ 139, ಬೇರೆ ಎಲ್ಲೇ ಆದರೂ 112, ಅಂತರ್ಜಾಲದಲ್ಲಿ ಹಾಕಿದ್ದರೆ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ತಡೆಯುತ್ತಾರೆ. ಕೆಲವು ವರ್ಷದ ಹಿಂದೆ ಒಂದು ನಿಲ್ದಾಣದ ಹೊರಗೆ, ಬೀದಿಯಲ್ಲೇ ನಿಂತು ಹಳೆಯ ಕಲ್ಲಿನ ಕಟ್ಟಡದ ಫೋಟೊ ತೆಗೆಯುತ್ತಿದ್ದೆ. ಕಾವಲುಗಾರರೊಬ್ಬರು ಬಂದು ಕ್ಯಾಮೆರಾ ಕಿತ್ತುಕೊಂಡು ಇಡೀ ಕಾರ್ಡು ಅಳಿಸಿಬಿಟ್ಟರು. ಅದರಲ್ಲಿ ಒಬ್ಬ ಗ್ರಾಹಕರ ಮಗುವಿನ ನಾಮಕರಣದ ಫೋಟೊಗಳಿದ್ದವು. ಆ ಮನೆಯವರ ಮುಂದೆ ನಿಂತು ಹೇಳುವಾಗ ನನ್ನ ಗಂಟಲು ಕಟ್ಟಿತು.

ಆಮೇಲೆ ವಕೀಲರನ್ನು ಕೇಳಿ ತಿಳಿದುಕೊಂಡೆ. ಖಾಸಗಿ ಕಾವಲುಗಾರರು ತಮ್ಮ ಆವರಣದಿಂದ ಹೊರಗೆ ಹೋಗಿ ಎನ್ನಬಹುದು. ಕ್ಯಾಮೆರಾ ಕಿತ್ತುಕೊಳ್ಳುವ, ಫೋಟೊ ಅಳಿಸುವ ಅಧಿಕಾರ ಅವರಿಗಿಲ್ಲ. ಪೊಲೀಸರು ಅಪರಾಧದ ಅನುಮಾನವಿದ್ದರೆ ವಸ್ತು ವಶಕ್ಕೆ ತೆಗೆದುಕೊಳ್ಳಬಹುದು, ಆದರೆ ಅದಕ್ಕೆ ದಾಖಲೆ ಇರಬೇಕು. ರಸೀದಿ ಕೇಳಿ. ಇಷ್ಟು ಗೊತ್ತಿದ್ದರೂ ಅಲ್ಲಿ ದನಿ ಏರಿಸಬೇಡಿ. ಮೊದಲು ಕ್ಯಾಮೆರಾ ಕೆಳಗಿಳಿಸಿ, ನಮಸ್ಕಾರ ಹೇಳಿ. ತೆಗೆದದ್ದನ್ನು ನೀವೇ ತೋರಿಸಿ. "ಯಾವ ನಿಯಮ ಸಾರ್? ಬೋರ್ಡು ಎಲ್ಲಿದೆ?" ಎಂದು ಮೆತ್ತಗೆ ಕೇಳಿ. ಒಪ್ಪದಿದ್ದರೆ ಅವರ ಮೇಲಿನವರನ್ನು ಕರೆಯಲು ಹೇಳಿ. ಹನ್ನೆರಡು ಗಂಟೆ ನಿಂತು ಕೆಲಸ ಮಾಡುವವರು ಅವರು. ಏನಾದರೂ ಹೆಚ್ಚುಕಮ್ಮಿಯಾದರೆ ಮೊದಲು ಕೆಲಸ ಹೋಗುವುದು ಅವರದ್ದೇ. ಮತ್ತೆ, ಕೆಲಸದ ಫೋಟೊ ಇರುವ ಕಾರ್ಡನ್ನು ಬೀದಿಗೆ ತರಬೇಡಿ. ಖಾಲಿ ಕಾರ್ಡು ಹಾಕಿಕೊಂಡು ಹೊರಡಿ.

ಮದುವೆ ಮುಂಚಿನ ಶೂಟ್, ಜಾಹೀರಾತು, ಕಿರುಚಿತ್ರ, ಹಣ ಬರುವ ಯಾವುದೇ ಕೆಲಸವಿದ್ದರೆ ಮೊದಲೇ ಅನುಮತಿ ಪಡೆಯಲೇಬೇಕು, ಶುಲ್ಕವೂ ಇರುತ್ತದೆ. ಮೆಟ್ರೊಗಾದರೆ ನಿಗಮದ ಕಚೇರಿಗೆ, ರೈಲ್ವೆಗಾದರೆ ಹುಬ್ಬಳ್ಳಿಯ ನೈಋತ್ಯ ರೈಲ್ವೆಯ ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ಬರೆಯಿರಿ. ನನ್ನ ತರಗತಿಯಂತೆ ಹತ್ತು ಜನ ಕಲಿಯಲು ಹೋಗುವಾಗಲೂ ನಾನು ಪತ್ರ ಬರೆಯುತ್ತೇನೆ. ಒಂದು ಪುಟ ಸಾಕು. ಯಾರು, ಎಷ್ಟು ಜನ, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತು, ಯಾವ ಪ್ಲಾಟ್‌ಫಾರ್ಮು, ಎಷ್ಟು ಕ್ಯಾಮೆರಾ, ಸ್ಟ್ಯಾಂಡು ಇದೆಯೋ ಇಲ್ಲವೋ, ಫೋಟೊ ಏನು ಮಾಡುತ್ತೀರಿ. ಎಲ್ಲರ ಗುರುತಿನ ಚೀಟಿಯ ಪ್ರತಿ ಲಗತ್ತಿಸಿ. ತಿಂಗಳ ಮುಂಚೆಯೇ ಕೊಡಿ.

ಹೋದ ವರ್ಷ ಹೀಗೆ ಪತ್ರ ಹಿಡಿದು ಹೋದಾಗ ಒಂದು ನಿಲ್ದಾಣದ ಸ್ಟೇಷನ್ ಮಾಸ್ಟರ್ ತಾವೇ ಹೊರಗೆ ಬಂದು, ಸಂಜೆ ಗಾಡಿ ತಿರುವಿನಲ್ಲಿ ಬರುವಾಗ ಬಿಸಿಲು ಎಂಜಿನ್ನಿನ ಮೇಲೆ ಎಲ್ಲಿ ಬೀಳುತ್ತದೆ ಎಂದು ಮಕ್ಕಳಿಗೆ ಜಾಗ ತೋರಿಸಿಕೊಟ್ಟರು. ಪತ್ರದ ಎರಡು ಪ್ರತಿ ಮಾಡಿಸಿ. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಅದನ್ನು ಕ್ಯಾಮೆರಾ ಬ್ಯಾಗಿನ ಮುಂದಿನ ಜೇಬಿನಲ್ಲೇ ಇಡಿ. ಯಾರಾದರೂ ಕೇಳಿದಾಗ ಬ್ಯಾಗೆಲ್ಲ ತಡಕಾಡುವ ಹಾಗಾಗಬಾರದು.