ಹಕ್ಕು ಕೇಳುವ ಕರಪತ್ರ ಬರೆಯುವುದು ಹೇಗೆ?

ಸಿಂಧನೂರು ಸುತ್ತಲಿನ ಹಳ್ಳಿಗಳ ಕೂಲಿಕಾರರಿಗೆ ಕರಪತ್ರ ಬರೆದುಕೊಡುವವಳು ನಾನು. ಹೊಸದಾಗಿ ಬರೆಯುವ ಹುಡುಗ ಹುಡುಗಿಯರು ಮೊದಲು ಕೇಳುವುದು ಇದನ್ನೇ: ಜಾತಿಯ ಅನ್ಯಾಯವನ್ನು ಮೊದಲ ಸಾಲಿನಲ್ಲೇ ಹೇಳಬೇಕಾ ಅಕ್ಕ?

ಬೇಡಿಕೆ ಯಾವುದು ನೋಡಿ. ಆರೋಗ್ಯ ಕೇಂದ್ರದಲ್ಲಿ ರಾತ್ರಿ ಡಾಕ್ಟರ್ ಇರಬೇಕು ಅನ್ನುವುದು ಊರಿಗೆಲ್ಲ ಬೇಕಾದ ಮಾತು. "ನಮ್ಮ ಕೇರಿಗೆ ಅನ್ಯಾಯ" ಅಂತ ಶುರು ಮಾಡಿದರೆ ಉಳಿದ ಓಣಿಯವರು ಕಾಗದ ಮಡಚಿ ಜೇಬಿಗೆ ಹಾಕಿಬಿಡ್ತಾರೆ. ಹೀಗೆ ಬರೆಯಿರಿ: "ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದಾಗ ಹಾವು ಕಚ್ಚಿದರೆ ತಾಲ್ಲೂಕು ಆಸ್ಪತ್ರೆಗೇ ಓಡಬೇಕು. ಗದ್ದೆ ಯಾರದೇ ಇರಲಿ, ದಾರಿ ಅಷ್ಟೇ ದೂರ. ಮನೆಯಲ್ಲಿ ಬೈಕೂ ಇಲ್ಲದ ಕೇರಿಯವರು ಆ ಹೊತ್ತಿನಲ್ಲಿ ಯಾರ ಬಾಗಿಲು ಬಡಿಯಬೇಕು?" ಕೊನೆಯ ವಾಕ್ಯ ತೆಗೆಯಬೇಡಿ. ಎಲ್ಲರನ್ನೂ ಕರೆಯಬೇಕು ನಿಜ, ಹಾಗಂತ ಜಾಸ್ತಿ ನೋವು ಯಾರದು ಅನ್ನುವುದನ್ನು ಮುಚ್ಚಿಡಬಾರದು.

ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಯೇಲ್ ವಿಶ್ವವಿದ್ಯಾಲಯದ ಮೈಕಾ ಇಂಗ್ಲಿಷ್ ಮತ್ತು ಜೋಶುವಾ ಕಲ್ಲಾ 2021ರಲ್ಲಿ ಕನಿಷ್ಠ ಕೂಲಿ, ಶಿಕ್ಷಣ ಸಾಲ ಮನ್ನಾ ಇಂಥ ಬೇಡಿಕೆಗಳನ್ನು ಬೇರೆ ಬೇರೆ ಮಾತಿನಲ್ಲಿ ಬರೆದು ಜನರಿಗೆ ಓದಲು ಕೊಟ್ಟರು. ಕಪ್ಪು ಜನರಿಗೆ ನ್ಯಾಯ ಅನ್ನುವ ಮಾತಿಗಿಂತ ಬಡವರಿಗೆ, ದುಡಿಯುವವರಿಗೆ ಅನುಕೂಲ ಅನ್ನುವ ಮಾತಿಗೆ ಬೆಂಬಲ ಜಾಸ್ತಿ ಸಿಕ್ಕಿತು.

ಅಂಕಿ ಅಂಶ ಬಳಸುವಾಗ ಇನ್ನೂ ಹುಷಾರಾಗಿರಿ. ಸ್ಟ್ಯಾನ್‌ಫರ್ಡ್‌ನ ರೆಬೆಕಾ ಹೆಟಿ, ಜೆನಿಫರ್ ಎಬರ್‌ಹಾರ್ಟ್ ಅವರ 2014ರ ಅಧ್ಯಯನ ನನಗೆ ಯಾವಾಗಲೂ ನೆನಪಾಗುತ್ತದೆ. ಕ್ಯಾಲಿಫೋರ್ನಿಯಾದ ಒಂದು ರೈಲು ನಿಲ್ದಾಣದಲ್ಲಿ ಬಿಳಿಯ ಮತದಾರರಿಗೆ ಕೈದಿಗಳ ಫೋಟೊ ತೋರಿಸಿ, ಕಠಿಣ ಶಿಕ್ಷೆಯ ಕಾನೂನನ್ನು ಸಡಿಲಿಸಿ ಅನ್ನುವ ಮನವಿಗೆ ಸಹಿ ಕೇಳಿದರು. ಫೋಟೊಗಳಲ್ಲಿ ಶೇ 25 ಕಪ್ಪು ಮುಖಗಳಿದ್ದಾಗ ಅರ್ಧಕ್ಕಿಂತ ಹೆಚ್ಚು ಜನ ಸಹಿ ಹಾಕಿದರು. ಶೇ 45 ಇದ್ದಾಗ ಸಹಿ ಹಾಕಿದವರು ಶೇ 27 ಮಾತ್ರ. ಜೈಲಿನಲ್ಲಿ ಕಪ್ಪು ಜನ ಜಾಸ್ತಿ ಅಂತ ಕಂಡಷ್ಟೂ, ಅಂದರೆ ಅನ್ಯಾಯ ದೊಡ್ಡದಾಗಿ ಕಂಡಷ್ಟೂ, ನೋಡಿದವರ ಮನಸ್ಸು ಗಟ್ಟಿಯಾಯಿತು. ಇದನ್ನು ಓದಿದಾಗ ಹೊಟ್ಟೆ ಉರಿಯಿತು.

ಅದಕ್ಕೇ ಅಂಕಿಯ ಪಕ್ಕದಲ್ಲೇ ಕಾರಣ ಇರಲಿ. "ಕೇರಿಯ ಮಕ್ಕಳು ಶಾಲೆ ಬಿಡುವುದು ಜಾಸ್ತಿ" ಅಂತ ಸುಮ್ನೆ ಬರೆದರೆ, "ಅವರಿಗೆ ಓದು ಬೇಕಾಗಿಲ್ಲ" ಅಂತಾರೆ. "ಸುಗ್ಗಿ ಮುಗಿದರೆ ಕೂಲಿ ಇಲ್ಲ. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗ್ತಾರೆ, ಮಕ್ಕಳನ್ನು ಯಾರ ಹತ್ತಿರ ಬಿಡಬೇಕು? ಊರಲ್ಲೇ ಹಾಸ್ಟೆಲ್ ಕೊಡಿ" ಅಂತ ಬರೆಯಿರಿ.

ಆದರೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದರೆ, ಕಟಿಂಗ್ ಅಂಗಡಿಯಲ್ಲಿ ನಮ್ಮವರನ್ನು ವಾಪಸ್ ಕಳಿಸಿದರೆ, ಮೊದಲ ಸಾಲಿನಲ್ಲೇ ಜಾತಿ ಹೇಳಿ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಎರಡನ್ನೂ ಬರೆಯಿರಿ. ಅಲ್ಲಿ ಬೆಂಬಲ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ.

ಪ್ರೆಸ್ಸಿಗೆ ಕೊಡುವ ಮುಂಚೆ ಬೇರೆ ಓಣಿಯ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. "ಇದರಲ್ಲಿ ನಮಗೇನೈತಿ?" ಅಂತ ಅವರು ಎಲ್ಲಿ ಕೇಳ್ತಾರೋ, ಅದರ ಉತ್ತರವನ್ನು ಆ ಸಾಲಿಗಿಂತ ಮೇಲೆ ಬರೆಯಿರಿ.